ಕಲಬುರಗಿಯ ಫೋಟೊಗಳು ಎಲ್ಲಿ ಹೋದವು?

ಆಗಸ್ಟ್ ಬಂತೆಂದರೆ ರಾಜ್ಯದ ಯಾವ ಜಿಲ್ಲಾ ಕೇಂದ್ರದಲ್ಲಾದರೂ ಫೋಟೊಗ್ರಾಫರುಗಳ ಬಳಗ ಒಮ್ಮೆ ಸುದ್ದಿಯಾಗುತ್ತದೆ. 1839ರ ಆಗಸ್ಟ್ 19ರಂದು ಡಾಗೇರ್‌ನ ಛಾಯಾಗ್ರಹಣ ವಿಧಾನವನ್ನು ಫ್ರಾನ್ಸ್ ಸರ್ಕಾರ ಲೋಕಕ್ಕೆ ಬಿಟ್ಟುಕೊಟ್ಟ ನೆನಪಿಗೆ ಅಂದು ವಿಶ್ವ ಛಾಯಾಗ್ರಹಣ ದಿನ. ಹಿರಿಯ ಸ್ಟುಡಿಯೊ ಮಾಲೀಕರಿಗೆ ಶಾಲು, ಹಾರ, ಒಂದು ಗುಂಪು ಫೋಟೊ. ಮರುದಿನ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಎರಡು ಕಾಲಂ. ವರ್ಷದ ಉಳಿದ ದಿನಗಳಲ್ಲಿ ಕ್ಯಾಮೆರಾ ಕಂಪನಿಯ ಕಾರ್ಯಾಗಾರ, ಸಂಘದ ಹೊಸ ಪದಾಧಿಕಾರಿಗಳ ಪಟ್ಟಿ, ಯಾವುದೋ ಸ್ಪರ್ಧೆಯ ಫಲಿತಾಂಶ. ಕಲಬುರಗಿಯೂ ಈ ಮಾದರಿಗೆ ಹೊರತಲ್ಲ. ಇವೆಲ್ಲ ಬೇಡವೆಂದಲ್ಲ. ಆದರೆ ಒಂದು ಊರಿನ ಛಾಯಾಗ್ರಹಣ ಹೇಗಿದೆ ಎಂದು ಅಳೆಯಲು ಇವು ಸಾಲವು. ಎಷ್ಟು ಚಿತ್ರ ತೆಗೆದರು, ಎಷ್ಟು ಬಹುಮಾನ ಬಂತು ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ತೆಗೆದದ್ದರಲ್ಲಿ ಎಷ್ಟನ್ನು ಹೆಸರು, ಸ್ಥಳ, ದಿನಾಂಕ ಸಮೇತ ಇಟ್ಟುಕೊಂಡರು? ಈ ಅಳತೆಗೋಲು ಹಿಡಿದು ನೋಡಿದರೆ ಕಲಬುರಗಿ ಬಹಳ ಹಿಂದಿದೆ. ಅದಕ್ಕೆ ಕಾರಣ ಛಾಯಾಗ್ರಾಹಕರ ಸೋಮಾರಿತನವಲ್ಲ. ಈ ಕಸುಬು ಇಲ್ಲಿ ಬೆಳೆದು ಬಂದ ರೀತಿಯೇ ಹಾಗಿತ್ತು.

ಕನ್ನಡ ನಾಡಿನ ಛಾಯಾಗ್ರಹಣ ಎಂದಾಗ ನಮಗೆ ಥಟ್ಟನೆ ನೆನಪಾಗುವುದು ಹಳೆ ಮೈಸೂರಿನ ಪರಂಪರೆ. ಬೆಂಗಳೂರಿನಲ್ಲಿ 1930ರ ದಶಕದಲ್ಲೇ ಮೈಸೂರು ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತ್ತು. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಬಂತು. ಕಾಡುಪ್ರಾಣಿಗಳ ಚಿತ್ರಗಳಿಗೆ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಜನಜೀವನದ ಚಿತ್ರಗಳಿಗೆ ಟಿ.ಎಸ್. ಸತ್ಯನ್ ಹೆಸರಾದರು. ಅಲ್ಲಿ ಕ್ಯಾಮೆರಾ ಹವ್ಯಾಸವಾಗಿತ್ತು, ಕ್ಲಬ್ಬಾಗಿತ್ತು, ಸಲೂನ್ ಎಂಬ ಸ್ಪರ್ಧಾ ಪ್ರದರ್ಶನವಾಗಿತ್ತು. ಕಲಬುರಗಿಯ ಕಥೆ ಬೇರೆ. 1948ರವರೆಗೆ ಇದು ನಿಜಾಮರ ಆಳ್ವಿಕೆಯ ಗುಲಬರ್ಗ. 1956ರವರೆಗೂ ಹೈದರಾಬಾದ್ ರಾಜ್ಯದ ಭಾಗ. ಇಲ್ಲಿ ಕ್ಯಾಮೆರಾದ ಬೇರು ಇರುವುದು ಒಂದು ಕಡೆ ದರ್ಬಾರಿನಲ್ಲಿ, ಇನ್ನೊಂದು ಕಡೆ ಪೇಟೆಯ ಸ್ಟುಡಿಯೊದಲ್ಲಿ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಲಾಲಾ ದೀನ್‌ದಯಾಳ್ ಸಂಸ್ಥಾನದುದ್ದಕ್ಕೂ ಓಡಾಡಿ ಸ್ಮಾರಕಗಳನ್ನು ಸೆರೆಹಿಡಿದರು. ಗುಲಬರ್ಗವೂ ಆ ಚಿತ್ರಗಳಲ್ಲಿ ಸೇರಿದೆ. 1871ರಲ್ಲಿ ಮುಂಬೈ–ಮದ್ರಾಸ್ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ಈ ಊರು ಮುಂಬೈ, ಸೊಲ್ಲಾಪುರ, ಹೈದರಾಬಾದುಗಳ ವ್ಯಾಪಾರದ ದಾರಿಗೆ ಬಿತ್ತು. ಕಾಗದ, ಪ್ಲೇಟು, ರಾಸಾಯನಿಕ ಬರಲು ದಾರಿಯಾಯಿತು. ಆದರೆ ಹವ್ಯಾಸಿಗಳ ಕ್ಲಬ್ಬಿಗೆ ಬೇಕಾದ ಬಿಡುವು ಮತ್ತು ಹಣ ಇದ್ದ ಮಧ್ಯಮವರ್ಗ ಇಲ್ಲಿ ತಡವಾಗಿ ಬೆಳೆಯಿತು. ಹಾಗಾಗಿ ಕಲಬುರಗಿಯ ಛಾಯಾಗ್ರಹಣವನ್ನು ಹೊತ್ತವರು ಅಂಗಡಿ ಇಟ್ಟುಕೊಂಡ ಕಸುಬಿನವರು. ಅವರ ಚಿತ್ರಕ್ಕೆ ಸಹಿ ಇರಲಿಲ್ಲ, ಹಿಂಬದಿಯಲ್ಲಿ ಸ್ಟುಡಿಯೊದ ರಬ್ಬರ್ ಮೊಹರು ಮಾತ್ರ ಇರುತ್ತಿತ್ತು.

ಆ ಸ್ಟುಡಿಯೊ ಹೇಗೆ ಬದುಕಿತು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಮುಂದಿನ ವಾದವೆಲ್ಲ ನಿಂತಿರುವುದು ಅದರ ಮೇಲೆ. ಪರದೆಯ ಮೇಲೆ ಬಿಡಿಸಿದ ಉದ್ಯಾನ, ಮೆಟ್ಟಿಲು, ಕಂಬ. ಮುಂದೆ ಒಂದು ಕುರ್ಚಿ, ಪ್ಲಾಸ್ಟಿಕ್ ಹೂವಿನ ಕುಂಡ. ಹೊಸದಾಗಿ ಲಗ್ನವಾದವರು, ನೌಕರಿ ಸಿಕ್ಕ ಹುಡುಗ, ಹಬ್ಬಕ್ಕೆ ಹೊಸ ಬಟ್ಟೆ ತೊಟ್ಟ ಮಕ್ಕಳು, ಜಾತ್ರೆಗೋ ಉರುಸಿಗೋ ಹಳ್ಳಿಯಿಂದ ಬಂದವರು. ಆದರೆ ದಿನದ ಗಲ್ಲಾ ತುಂಬುತ್ತಿದ್ದುದು ಈ ಸಂಭ್ರಮದ ಚಿತ್ರಗಳಿಂದಲ್ಲ, ಪಾಸ್‌ಪೋರ್ಟ್ ಸೈಜಿನಿಂದ. ಪರೀಕ್ಷೆಯ ಹಾಲ್ ಟಿಕೆಟ್, ಬ್ಯಾಂಕಿನ ಪಾಸ್‌ಬುಕ್, ನೌಕರಿಯ ಅರ್ಜಿ, ರೇಷನ್ ಕಾರ್ಡು, ಎಲ್ಲಕ್ಕೂ ಅದು ಬೇಕಿತ್ತು. 1993ರಲ್ಲಿ ಟಿ.ಎನ್. ಶೇಷನ್ ಅವರ ಚುನಾವಣಾ ಆಯೋಗ ಮತದಾರರ ಭಾವಚಿತ್ರವಿರುವ ಗುರುತಿನ ಚೀಟಿಗೆ ಆದೇಶಿಸಿದಾಗ ಹಳ್ಳಿಹಳ್ಳಿಗೂ ಕ್ಯಾಮೆರಾ ಹೋಯಿತು. 2010ರಲ್ಲಿ ಆಧಾರ್ ಬಂದಾಗ ಮಾತ್ರ ಆಟವೇ ಬದಲಾಯಿತು: ನೋಂದಣಿ ಕೇಂದ್ರದ ಕಂಪ್ಯೂಟರಿಗೆ ಕಟ್ಟಿದ ಪುಟ್ಟ ಕ್ಯಾಮೆರಾವೇ ಮುಖ ಹಿಡಿಯಿತು, ಸ್ಟುಡಿಯೊದವನ ನಡುಪಾಲು ಹೋಯಿತು. ಅರ್ಜಿಗಳು ಆನ್‌ಲೈನ್ ಆದವು, ಫೋನಿನಲ್ಲೇ ಫೋಟೊ ಬಂತು. ಹೊಟ್ಟೆಪಾಡಿಗೆ ಉಳಿದದ್ದು ಲಗ್ನದ ಸೀಸನ್. ಕ್ಯಾಂಡಿಡ್, ಪ್ರೀ-ವೆಡ್ಡಿಂಗ್, ಡ್ರೋನ್, ಕರಿಜ್ಮಾ ಆಲ್ಬಮ್ ಎಲ್ಲ ಅದರ ಸುತ್ತಲೇ ಬೆಳೆದವು. ಬಾಡಿಗೆ ಕಟ್ಟಲಾಗದ ಎಷ್ಟೋ ಸ್ಟುಡಿಯೊಗಳು ಬಾಗಿಲು ಹಾಕಿ ಮೊಬೈಲ್ ಅಂಗಡಿಯೋ ಜೆರಾಕ್ಸ್ ಅಂಗಡಿಯೋ ಆದವು. ಹಾಗೆ ಅಂಗಡಿ ಖಾಲಿ ಮಾಡುವಾಗ ನೆಗೆಟಿವ್‌ಗಳ ಡಬ್ಬಗಳು ಏನಾಗುತ್ತವೆ? ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯಿರುತ್ತದೆ. ದೇಶದ ಎಷ್ಟೋ ಊರುಗಳಲ್ಲಿ ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿದೆ. ಗಾಜಿನ ಪ್ಲೇಟನ್ನು ತೊಳೆದು ಕಿಟಕಿಗೆ ಕೂರಿಸಿದ್ದೂ ಉಂಟು. ಉಳಿದದ್ದಕ್ಕೆ ಹವೆಯೇ ಶತ್ರು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನ ತಗಡಿನ ಮಾಡಿನ ಕೆಳಗೆ ಅಸಿಟೇಟ್ ಫಿಲ್ಮು ಹುಳಿವಾಸನೆ ಹೊಡೆಯುತ್ತಾ ಸುರುಟಿಕೊಳ್ಳುತ್ತದೆ. ಎಂಬತ್ತರ ದಶಕದ ಬಣ್ಣದ ಪ್ರಿಂಟುಗಳು ಅವುಗಳ ಅಪ್ಪನ ವಯಸ್ಸಿನ ಕಪ್ಪು-ಬಿಳುಪಿಗಿಂತ ಮೊದಲು ಮಾಸಿಹೋಗುತ್ತಿವೆ.

ನಷ್ಟ ಎಷ್ಟೆಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಸಾಕು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಈ ಊರಿನಲ್ಲಿ ನಾಲ್ಕು ಸಲ ನಡೆದಿದೆ: 1928ರಲ್ಲಿ ಬಿ.ಎಂ. ಶ್ರೀಕಂಠಯ್ಯ, 1949ರಲ್ಲಿ ಉತ್ತಂಗಿ ಚನ್ನಪ್ಪ, 1987ರಲ್ಲಿ ಸಿದ್ಧಯ್ಯ ಪುರಾಣಿಕ, 2020ರ ಫೆಬ್ರುವರಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರು. ಮೊದಲನೆಯದು ಗಾಜಿನ ಪ್ಲೇಟು ಇನ್ನೂ ಬಳಕೆಯಲ್ಲಿದ್ದ ಕಾಲ, ಎರಡನೆಯದು ರೋಲ್ ಫಿಲ್ಮಿನದು, ಮೂರನೆಯದು ಬಣ್ಣದ ಫಿಲ್ಮಿನದು, ನಾಲ್ಕನೆಯದು ಪ್ರತಿ ಕೈಯಲ್ಲೂ ಫೋನಿದ್ದ ಕಾಲ. ನಿಜಾಮರ ಗುಲಬರ್ಗದಲ್ಲಿ ಕನ್ನಡದ ಸಭೆ ಹೇಗಿತ್ತು, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸತರಲ್ಲಿ ಜನರ ಮುಖ ಹೇಗಿತ್ತು ಎಂದು ಹೇಳಬಲ್ಲವು ಆ ಚಿತ್ರಗಳೇ. ಬಿಡಿಬಿಡಿಯಾಗಿ ಸ್ಮರಣ ಸಂಚಿಕೆಗಳಲ್ಲಿ, ಮನೆಗಳಲ್ಲಿ ಅವು ಇದ್ದಾವು. ಆದರೆ ಕಾಲೇಜಿನ ಹುಡುಗಿಯೊಬ್ಬಳು ನಾಲ್ಕೂ ಸಮ್ಮೇಳನಗಳ ಚಿತ್ರಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಬೇಕೆಂದರೆ ಊರಿನ ಯಾವ ಬಾಗಿಲು ತಟ್ಟಬೇಕು? ಉತ್ತರ ಸುಲಭವಿಲ್ಲ. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ, ಸಮ್ಮೇಳನ ಮುಗಿದು ಐದು ವಾರ ಕಳೆಯುವುದರೊಳಗೆ, 2020ರ ಮಾರ್ಚ್‌ನಲ್ಲಿ, ದೇಶದ ಮೊದಲ ಕೋವಿಡ್ ಸಾವು ದೃಢಪಟ್ಟದ್ದು ಇದೇ ಊರಿನಲ್ಲಿ. ದೇಶ ಇನ್ನೂ ಲಾಕ್‌ಡೌನ್ ಎಂಬ ಮಾತು ಕಲಿಯುವ ಮೊದಲೇ ಕಲಬುರಗಿಯ ಬೀದಿಗಳು ಖಾಲಿಯಾದವು. ಆ ದಿನಗಳನ್ನು ಕಂಡ ಪತ್ರಿಕಾ ಛಾಯಾಗ್ರಾಹಕರು ಊರಲ್ಲೇ ಇದ್ದಾರೆ. ಅವರ ಹಾರ್ಡ್ ಡಿಸ್ಕುಗಳ ಆಯುಷ್ಯ ಮಾತ್ರ ಅವರಷ್ಟು ಗಟ್ಟಿಯಲ್ಲ.

ಹೆಸರು-ದಿನಾಂಕದ ಮಾತನ್ನು ಒತ್ತಿ ಹೇಳಲು ಈ ಜಿಲ್ಲೆಯಲ್ಲೇ ಎರಡು ಸಾವಿರ ವರ್ಷದ ಸಾಕ್ಷಿಯಿದೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಗೆದಾಗ ಸಿಕ್ಕ ಬೌದ್ಧ ಸ್ತೂಪದ ಶಿಲಾಫಲಕಗಳಲ್ಲಿ ರಾಜನೊಬ್ಬ ಪರಿವಾರದೊಡನೆ ನಿಂತಿದ್ದಾನೆ. ಅಂಥ ರಾಜರು ದೇಶದ ಶಿಲ್ಪಗಳಲ್ಲಿ ನೂರಾರು. ಇವನನ್ನು ಅಶೋಕನೆಂದು ಗುರುತಿಸಿದ್ದು ಮುಖ ನೋಡಿ ಅಲ್ಲ, ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ ಹೆಸರು ನೋಡಿ. ಶಿಲ್ಪಿ ಆ ನಾಲ್ಕಾರು ಅಕ್ಷರಗಳ ಶ್ರಮ ಉಳಿಸಿಕೊಂಡಿದ್ದರೆ ಅದು ಇಂದು ಯಾರೋ ಒಬ್ಬ ರಾಜನ ಚೆಲುವಾದ ಕಲ್ಲು ಅಷ್ಟೆ. ದೀನ್‌ದಯಾಳ್ ಚಿತ್ರಗಳ ವಿಷಯವೂ ಹೀಗೇ. ನಿಜಾಮ್ ಸಂಸ್ಥಾನದ ನೋಟಗಳ 1892ರ ಆಲ್ಬಮ್ ಲಾರ್ಡ್ ಕರ್ಜನ್ ಸಂಗ್ರಹದೊಂದಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ ಸೇರಿತು. ಕಲಬುರಗಿಯ ಹಳೆಯ ಮುಖ ನೋಡಲು ಲಂಡನ್ನಿನ ಕಡೆ ತಿರುಗಬೇಕಾದುದು ಬೇಸರದ ಸಂಗತಿಯೇ. ಆದರೆ ಅವು ಉಪಯೋಗಕ್ಕೆ ಬರುತ್ತಿರುವುದು ಯಾವ ಊರಿನ ಯಾವ ಕಟ್ಟಡ ಎಂದು ಯಾರೋ ಬರೆದಿಟ್ಟದ್ದರಿಂದ. 1367ರ ಜಾಮಿ ಮಸೀದಿ, ಅದನ್ನು ಸುತ್ತಿದ ಕೋಟೆ, ಹಫ್ತ್ ಗುಂಬಜ್ ಇವುಗಳ ಸುತ್ತಲಿನ ಜಾಗ ಯಾವಾಗ ಎಷ್ಟು ಬದಲಾಯಿತು ಎಂಬುದು ಇಂದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟಡ ಕಟ್ಟುವುದನ್ನು ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ನಿಷೇಧಿಸಿದೆ. ಕೋಟೆಯೊಳಗಿನ ಮನೆಗಳ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದೆ. ಅಲ್ಲಿ ತಲೆಮಾರುಗಳಿಂದ ಇರುವ ಬಡ ಕುಟುಂಬಕ್ಕೂ, ತೆರವು ಬಯಸುವ ಇಲಾಖೆಗೂ ದಿನಾಂಕವಿರುವ ಚಿತ್ರ ಸಮಾನವಾಗಿ ಬೇಕು. ಅಯಾಜುದ್ದೀನ್ ಪಟೇಲರಂಥ ಕಲಾವಿದ-ಛಾಯಾಗ್ರಾಹಕರು ಈ ಭಾಗದ ಅನಾಥ ಸ್ಮಾರಕಗಳ ಬೆನ್ನುಹತ್ತಿದ್ದರ ಬೆಲೆ ಇರುವುದು ಇಲ್ಲಿ. ಆದರೆ ಒಬ್ಬೊಬ್ಬರ ಹುಮ್ಮಸ್ಸಿಗೆ ಬಿಟ್ಟರೆ ಸಂಗ್ರಹದ ಆಯುಷ್ಯ ಆ ವ್ಯಕ್ತಿಯ ಆಯುಷ್ಯದಷ್ಟೇ ಆಗುತ್ತದೆ.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲವೂ ದಾಖಲಾಗುತ್ತಿದೆ, ಇನ್ನೇನು ಚಿಂತೆ ಎನ್ನುವವರಿದ್ದಾರೆ. ಶರಣಬಸವೇಶ್ವರರ ತೇರು ಎಳೆಯುವಾಗ, ಬಂದೇನವಾಜರ ಉರುಸಿನ ಸಂದಲ್ ಮೆರವಣಿಗೆ ಸಾಗುವಾಗ ಮೇಲೆದ್ದ ಫೋನುಗಳನ್ನು ಕಂಡರೆ ಆ ಮಾತು ನಿಜವೆನಿಸುತ್ತದೆ. ಆದರೆ ಫೋನಿನಲ್ಲಿ ತೆಗೆದ ಚಿತ್ರ ವಾಟ್ಸ್ಆ್ಯಪ್ ದಾಟುವಾಗ ಗಾತ್ರ ಕುಗ್ಗುತ್ತದೆ, ತೆಗೆದ ಸಮಯ-ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಮೂರು-ನಾಲ್ಕು ವರ್ಷಕ್ಕೆ ಫೋನು ಬದಲಾಗುತ್ತದೆ, ಮೆಮೊರಿ ತುಂಬಿತೆಂದು ಅಳಿಸುವವರೂ ನಾವೇ. ಅಜ್ಜನ ಟ್ರಂಕಿನಲ್ಲಿದ್ದ ಹತ್ತು ಫೋಟೊಗಳಿಗೆ ಬದುಕುಳಿಯುವ ಅವಕಾಶ ಮೊಮ್ಮಗನ ಹತ್ತು ಸಾವಿರ ಫೋಟೊಗಳಿಗಿಂತ ಹೆಚ್ಚಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಹೇರಳವಾಗಿರುವುದೇ ಇಲ್ಲಿ ತೊಡಕು, ಯಾವುದನ್ನು ಇಡಬೇಕೆಂದು ಯಾರೂ ಆರಿಸುವುದಿಲ್ಲ. ನ್ಯಾಯಾಲಯಕ್ಕೆ ಒಯ್ಯುವ ಮಾತು ಬಂದರಂತೂ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಡಿಜಿಟಲ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಹತ್ತು ಗುಂಪುಗಳಲ್ಲಿ ಹಾದುಬಂದ ಚಿತ್ರಕ್ಕೆ ಪ್ರಮಾಣ ಕೊಡುವವರು ಯಾರು?

ಇನ್ನೊಂದು ಆಕ್ಷೇಪ ಹವ್ಯಾಸಿ ಕಲಾವಿದರದು. ಛಾಯಾಗ್ರಹಣ ಒಂದು ಕಲೆ, ಅದನ್ನು ಕಡತದ ಕೆಲಸಕ್ಕೆ ಇಳಿಸಬೇಡಿ ಎನ್ನುತ್ತಾರೆ. ಗೌರವಿಸಬೇಕಾದ ಮಾತು. ಸಲೂನ್ ಸ್ಪರ್ಧೆಗಳು ಈ ನಾಡಿಗೆ ಕಣ್ಣಿನ ಶಿಸ್ತು ಕಲಿಸಿವೆ. ಆದರೆ ಅವುಗಳ ಪದ್ಧತಿಯೇ ಚಿತ್ರವನ್ನು ಊರಿನಿಂದ ಬಿಡಿಸುವಂಥದು. ತೀರ್ಪುಗಾರರ ಎದುರು ಒಂದು ಚಿತ್ರ ಕೆಲವೇ ಕ್ಷಣ ನಿಲ್ಲುತ್ತದೆ. ಅಲ್ಲಿ ಗೆಲ್ಲುವುದು ಬೆಳಕು, ವಿನ್ಯಾಸ, ಭಾವ. ಧೂಳೆಬ್ಬಿಸಿ ಮನೆಗೆ ಮರಳುವ ದನಗಳು ಕಮಲಾಪುರದವೋ ಕೊಳ್ಳೇಗಾಲದವೋ ಅಲ್ಲಿ ಮುಖ್ಯವಲ್ಲ. ಹೀಗೆ ರಾಜ್ಯದ ಎಲ್ಲ ಊರುಗಳ ಬಹುಮಾನಿತ ಚಿತ್ರಗಳೂ ಒಂದೇ ಊರಿನವೆಂಬಂತೆ ಕಾಣುತ್ತವೆ, ಇದು ನನ್ನ ಕಟುವಾದ ಅಭಿಪ್ರಾಯ, ಇರಲಿ. ಸತ್ಯನ್ ಕಲೆ, ದಾಖಲೆ ಈ ಎರಡರ ನಡುವೆ ಜಗಳವೇ ಇಲ್ಲವೆಂದು ತೋರಿಸಿಕೊಟ್ಟವರು. ಪತ್ರಿಕೆಗೆ ದುಡಿದ ಅವರು ತಮ್ಮ ಚಿತ್ರಗಳ ಜನ, ಜಾಗ, ಸಂದರ್ಭಗಳನ್ನು ತಮ್ಮ ಬರಹಗಳಲ್ಲಿ ಹಿಂದಿರುಗಿ ಹಿಂದಿರುಗಿ ಹೇಳಿದರು. ಅದರಿಂದ ಚಿತ್ರದ ಚೆಲುವು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಇನ್ನು ಸ್ಟುಡಿಯೊದವರ ಚಿತ್ರಗಳಲ್ಲಿ ಕಲೆ ಎಲ್ಲಿದೆ ಎನ್ನುವವರು ಮಧ್ಯಪ್ರದೇಶದ ನಾಗ್ದಾ ಕಡೆ ನೋಡಬೇಕು. ಕಾರ್ಖಾನೆಯ ಆ ಸಣ್ಣ ಪಟ್ಟಣದಲ್ಲಿ ಸುರೇಶ್ ಪಂಜಾಬಿ ಎಂಬವರು ನಡೆಸುತ್ತಿದ್ದ ಸುಹಾಗ್ ಸ್ಟುಡಿಯೊದ ನೆಗೆಟಿವ್‌ಗಳನ್ನು ಆಧರಿಸಿ ಮಾನವಶಾಸ್ತ್ರಜ್ಞ ಕ್ರಿಸ್ಟೊಫರ್ ಪಿನ್ನಿ 2013ರಲ್ಲಿ ಒಂದು ಪುಸ್ತಕವನ್ನೇ ತಂದರು. ಕನ್ನಡಕ, ಎರವಲು ಕೋಟು ಹಾಕಿಕೊಂಡು, ರೇಡಿಯೊ ಹಿಡಿದುಕೊಂಡು ಕ್ಯಾಮೆರಾದ ಮುಂದೆ ಕೂತ ಕೂಲಿಕಾರ, ರೈತರು ತಾವು ಹೇಗೆ ಕಾಣಬೇಕೆಂದು ತಾವೇ ನಿರ್ಧರಿಸಿಕೊಂಡ ಚಿತ್ರಗಳವು. ತಮಿಳುನಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಹಳೆಯ ಸ್ಟುಡಿಯೊಗಳ ಬಾಗಿಲಿಗೇ ಹೋಗಿ ಚಿತ್ರಗಳನ್ನು ಡಿಜಿಟಲೀಕರಿಸಿತು. ಶಹಾಬಾದ್ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ತೊಗರಿ ಮಂಡಿಗಳ ಈ ಜಿಲ್ಲೆಯ ಸ್ಟುಡಿಯೊಗಳಲ್ಲಿ ಕೂತುಹೋದವರ ಮುಖಗಳು ನಾಗ್ದಾದವಕ್ಕಿಂತ ಯಾವುದರಲ್ಲಿ ಕಡಿಮೆ?

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಖಾಸಗಿತನದ್ದು. ಮನೆಯ ಹೆಣ್ಣುಮಕ್ಕಳ ಫೋಟೊ ಪರರ ಕಣ್ಣಿಗೆ ಬೀಳಬಾರದೆಂದು ಬಯಸುವ ಕುಟುಂಬಗಳು ಇಲ್ಲಿ ಕಡಿಮೆಯಿಲ್ಲ, ಹಿಂದೂಗಳಲ್ಲೂ ಮುಸ್ಲಿಮರಲ್ಲೂ. ಕಾನೂನೂ ಅವರ ಪರ ನಿಲ್ಲುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ನೆಗೆಟಿವ್ ಸ್ಟುಡಿಯೊದ ಕಪಾಟಿನಲ್ಲಿ ಇದ್ದರೂ ಅದನ್ನು ಪ್ರಕಟಿಸುವ ಹಕ್ಕು ತಾನಾಗಿ ಸ್ಟುಡಿಯೊದವರಿಗೆ ಬರುವುದಿಲ್ಲ. ಇದನ್ನು ತಿಳಿಯದೆ ಹಳೆಯ ಲಗ್ನದ ಚಿತ್ರಗಳನ್ನು ಫೇಸ್‌ಬುಕ್ಕಿಗೆ ಏರಿಸುವ ಉತ್ಸಾಹಿಗಳನ್ನು ತಡೆಯಬೇಕಾದದ್ದೇ. ಆದರೆ ಇಡುವುದು ಬೇರೆ, ತೋರಿಸುವುದು ಬೇರೆ. ಹಾಳಾಗದಂತೆ ಇಟ್ಟು, ಪಟ್ಟಿ ಮಾಡಿ, ಮನೆಯವರ ಒಪ್ಪಿಗೆ ಬರುವವರೆಗೆ ಮುಚ್ಚಿಡುವ ಪದ್ಧತಿ ಎಲ್ಲ ಒಳ್ಳೆಯ ಸಂಗ್ರಹಾಲಯಗಳಲ್ಲೂ ಇದೆ. ಶುರು ಮಾಡಲು ಮನೆಯೊಳಗಿನ ಚಿತ್ರಗಳೇ ಬೇಕೆಂದೂ ಇಲ್ಲ. ಬೀದಿ, ಮಾರುಕಟ್ಟೆ, ಶಾಲೆಯ ಗುಂಪು ಫೋಟೊ, ನಾಟಕ, ಚುನಾವಣಾ ಸಭೆ, ಜಾತ್ರೆ, ಬರಗಾಲ, 2020ರ ಅಕ್ಟೋಬರಿನ ಭೀಮಾ ಪ್ರವಾಹ ಮುಂತಾದ ಸಾರ್ವಜನಿಕ ಚಿತ್ರಗಳೇ ಬೇಕಾದಷ್ಟಿವೆ. ಆಕ್ಷೇಪದಲ್ಲಿ ಹುರುಳಿದೆ, ಅದು ಸಂಗ್ರಹಕ್ಕೆ ನಿಯಮ ಇರಲಿ ಎನ್ನುತ್ತದೆ, ಸಂಗ್ರಹವೇ ಬೇಡ ಎನ್ನುವುದಿಲ್ಲ.

ಛಾಯಾಗ್ರಾಹಕರ ಸಂಘಗಳು ಹೇಳುವ ಮಾತು ಬೇರೆ: ನಮಗೆ ಹೊಟ್ಟೆಪಾಡೇ ದೊಡ್ಡದು, ಮ್ಯೂಸಿಯಂ ಕಟ್ಟುವುದು ನಮ್ಮ ಕೆಲಸವೇ? ಅಲ್ಲ. ಸೀಸನ್ ಮುಗಿದ ಮೇಲೆ ಕೈ ಖಾಲಿ, ಅಪಘಾತವಾದರೆ ಗತಿಯಿಲ್ಲ, ಸಾಲ ಮಾಡಿ ಕೊಂಡ ಕ್ಯಾಮೆರಾ ಎರಡೇ ವರ್ಷಕ್ಕೆ ಹಳತು. ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಸಹಾಯಹಸ್ತ ಯೋಜನೆಯಲ್ಲಿ ಹಮಾಲರು, ಟೈಲರುಗಳ ಜೊತೆ ಫೋಟೊಗ್ರಾಫರುಗಳನ್ನೂ ಸೇರಿಸಿರುವುದೇ ಈ ಕಸುಬಿನ ನಿಜಸ್ಥಿತಿಗೆ ಸಾಕ್ಷಿ. ಇವರಿಂದ ಪುಕ್ಕಟೆ ಸೇವೆ ಕೇಳುವುದು ಅನ್ಯಾಯ. ಕೇಳಬೇಕಾದದ್ದು ಸಂಸ್ಥೆಗಳನ್ನು. 1980ರಿಂದ ಇರುವ ಗುಲಬರ್ಗ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆಯ ಪಾಠವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಸೇಡಂ ರಸ್ತೆಯ ಬಹಮನಿ ಗೋರಿಗಳೊಳಗೆ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಕಲಾವಿದ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರವಿದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಅಭಿವೃದ್ಧಿಗೆಂದು ಪ್ರತ್ಯೇಕ ಮಂಡಳಿಯೇ ಇದೆ. ರಸ್ತೆ, ಕಟ್ಟಡಗಳ ಪಟ್ಟಿಯಲ್ಲಿ ಎರಡು ಹವಾನಿಯಂತ್ರಿತ ಕೋಣೆ, ಒಂದು ಸ್ಕ್ಯಾನರ್, ಇಬ್ಬರು ಸಿಬ್ಬಂದಿಯ ವೆಚ್ಚ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನಲ್ಲಿ 2023ರಲ್ಲಿ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ತೆರೆದಿದೆಯಲ್ಲ, ಅಲ್ಲಿಗೇ ಕಳಿಸಿದರಾಗದೇ ಎನ್ನಬಹುದು. ಪೆಟ್ಟಿಗೆ ಕಳಿಸಬಹುದು, ಆದರೆ ಚಿತ್ರದಲ್ಲಿ ಎಡತುದಿಗೆ ನಿಂತವರು ಯಾರು, ಹಿಂದಿನ ಗುಮ್ಮಟ ಹೊಳಕುಂದಿಯದೋ ಬೇರೆಯದೋ ಎಂದು ಹೇಳಬಲ್ಲ ಎಂಬತ್ತರ ಮುದುಕರನ್ನು ಕಳಿಸಲಾಗದು. ಅವರ ನೆನಪು ಕನ್ನಡದಲ್ಲಿ, ದಖನಿ ಉರ್ದುವಿನಲ್ಲಿ, ಮರಾಠಿ, ತೆಲುಗಿನಲ್ಲಿ ಇದೆ. ಅದನ್ನು ಬರೆದುಕೊಳ್ಳುವ ಕೆಲಸ ಇಲ್ಲಿಯೇ ಆಗಬೇಕು, ಬೇಗ ಆಗಬೇಕು.

ಇಡೀ ಜಿಲ್ಲೆಯನ್ನು ಒಮ್ಮೆಗೇ ಹಿಡಿಯಲು ಹೊರಟರೆ ಅದು ಸಮಿತಿಯಾಗಿ, ಸಮಿತಿ ವರದಿಯಾಗಿ ಮುಗಿಯುತ್ತದೆ. ಎರಡೇ ಜಾಗ ಆರಿಸಿಕೊಳ್ಳಬಹುದು. ನಗರದಲ್ಲಿ ಜೇವರ್ಗಿ ಕಾಲೋನಿಯಂಥ ಒಂದು ಬಡಾವಣೆ: ನೌಕರಿಗೆ, ಮಕ್ಕಳ ಓದಿಗೆಂದು ತಾಲ್ಲೂಕುಗಳಿಂದ ಬಂದು ನೆಲೆಸಿದ ಮನೆಗಳಲ್ಲಿ ಊರಿನ ಹಳೆಯ ಫೋಟೊಗಳೂ ಅಲಮಾರದಲ್ಲಿ ಜೊತೆಗೆ ಬಂದಿರುತ್ತವೆ. ಹಾಗಾಗಿ ಒಂದೇ ಓಣಿ ಹಲವು ತಾಲ್ಲೂಕುಗಳ ದಾಖಲೆ ಕೊಡಬಲ್ಲದು. ಹೊರಗೆ ಕಮಲಾಪುರ: ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕ ಪಡೆದ ಊರು, ಈಚೆಗೆ ತಾಲ್ಲೂಕು ಕೇಂದ್ರವಾದದ್ದು, 2017ರಲ್ಲಿ ಬೀದರ್–ಕಲಬುರಗಿ ರೈಲು ಓಡತೊಡಗಿದ ಮೇಲೆ ಹೊಸ ಚಹರೆ ತಾಳುತ್ತಿರುವುದು. ಹಳಿ ಬರುವ ಮುಂಚಿನ ಬಯಲು, ಬಾಳೆತೋಟಗಳು ಹರಡಿದ್ದ ಜಾಗ, ಹೆದ್ದಾರಿ ಅಗಲವಾಗುವ ಮುಂಚಿನ ಬಸ್‌ಸ್ಟ್ಯಾಂಡು ಹೇಗಿದ್ದವು ಎಂದು ಕೇಳಿದರೆ ಇನ್ನೂ ಉತ್ತರಿಸಬಲ್ಲ ಜನ ಇದ್ದಾರೆ, ಅವರ ಬಳಿ ಚಿತ್ರಗಳೂ ಇದ್ದಾವು. ಈ ಎರಡೂ ಕಡೆ ಕೆಲಸ ಶುರುವಾಗುವಾಗ ನೆಗೆಟಿವ್‌ಗಳಿಗಿಂತ ಮೊದಲು ಕೈಹಾಕಬೇಕಾದದ್ದು ಸ್ಟುಡಿಯೊಗಳ ಆರ್ಡರ್ ಬುಕ್ಕುಗಳಿಗೆ. ನೆಗೆಟಿವ್ ಇಟ್ಟ ಕವರಿನ ಮೇಲೆ ಇರುವುದು ಬರೀ ಒಂದು ನಂಬರು. ಗಿರಾಕಿಯ ಹೆಸರು, ಊರು, ತಾರೀಖು, ಎಷ್ಟು ಕಾಪಿ, ಎಷ್ಟು ಅಡ್ವಾನ್ಸ್ ಎಲ್ಲ ಆ ಪುಸ್ತಕದಲ್ಲಿದೆ. ಅಂಗಡಿ ಖಾಲಿ ಮಾಡುವವರು ಯಾವುದಕ್ಕೂ ಬಾರದ್ದೆಂದು ಮೊದಲು ರದ್ದಿಗೆ ಹಾಕುವುದೂ ಅದನ್ನೇ.